ವೇದಿಕೆ ಉಂಟು, ಕೋಣೆ ಇಲ್ಲ

ಚೆನ್ನೈನ ಕಾಲೇಜುಗಳಲ್ಲಿ ಬುಡಕಟ್ಟು ಸಂಸ್ಕೃತಿಗೆ ಈಗ ಬಹಳ ಮರ್ಯಾದೆ. ವಾರ್ಷಿಕೋತ್ಸವ ಬಂತೆಂದರೆ ಲೈಟ್ ಮ್ಯೂಸಿಕ್ಕಿಗೂ ಫ್ಯಾಷನ್ ಷೋಗೂ ನಡುವೆ ಒಂದು ‘ಟ್ರೈಬಲ್ ಡ್ಯಾನ್ಸ್’ ಇದ್ದೇ ಇರುತ್ತದೆ. ಹತ್ತು ನಿಮಿಷ. ತಮಟೆಯ ಸದ್ದು ಪೆನ್ ಡ್ರೈವಿನಿಂದ ಬರುತ್ತದೆ, ಸೊಪ್ಪಿನ ಉಡುಗೆ ಬಾಡಿಗೆ ಅಂಗಡಿಯಿಂದ ಬರುತ್ತದೆ, ಕುಣಿಯುವ ಮಕ್ಕಳು ಬಿ.ಕಾಂ., ಬಿ.ಸಿ.ಎ. ತರಗತಿಗಳಿಂದ ಬರುತ್ತಾರೆ. ಅವರಲ್ಲಿ ಬುಡಕಟ್ಟಿನವರು ಎಷ್ಟು ಜನ ಎಂದು ಕೇಳಬಾರದು. ನಾನು ಒಂದು ಸಲ ಕೇಳಿದೆ. ಪಕ್ಕದಲ್ಲಿ ಕೂತಿದ್ದ ಅಧ್ಯಾಪಕರು, “ಇದ್ದಾರೆ ಸಾರ್, ಹಿಂದುಗಡೆ ಕುರ್ಚಿ ಜೋಡಿಸ್ತಾ ಇದ್ದಾರಲ್ಲ, ಆ ಇಬ್ರು ಹುಡುಗ್ರು” ಅಂದರು.

ಕುರ್ಚಿ ಜೋಡಿಸಿ ಮುಗಿದ ಮೇಲೆ ಆ ಇಬ್ಬರು ಎಲ್ಲಿ ಹೋಗಿ ಕೂರುತ್ತಾರೆ ಅನ್ನೋದು ನನ್ನ ಪ್ರಶ್ನೆ. ಅವತ್ತೊಂದು ದಿನದ ಮಾತಲ್ಲ, ಮೂರು ವರ್ಷದ ಮಾತು. ಕಾಡಂಚಿನ ಹತ್ತಿಪ್ಪತ್ತು ಮನೆಗಳ ಊರಿನಿಂದ ಬಂದು ಇಷ್ಟು ದೊಡ್ಡ ಪಟ್ಟಣದ ಕಾಲೇಜು ಸೇರಿದ ಹುಡುಗನಿಗೆ ಆ ಕಾಂಪೌಂಡಿನೊಳಗೆ ‘ಇದು ನಮ್ಮದು’ ಅನ್ನಬಹುದಾದ ಹತ್ತಡಿ ಜಾಗವಾದರೂ ಇದೆಯೇ? ಕುಣಿಯುವುದಕ್ಕೆ ವೇದಿಕೆ ಕೊಟ್ಟಿದ್ದೇವಲ್ಲ ಅನ್ನುತ್ತಾರೆ. ವೇದಿಕೆ ನೋಡುವವರಿಗಾಗಿ ಕಟ್ಟುವಂಥದ್ದು. ಕೂರುವವರಿಗೆ ಬೇಕಾದದ್ದು ಕೋಣೆ.

ಮದರಾಸು ಈ ಜನರನ್ನು ನೋಡಿದ ರೀತಿಗೆ ಒಂದು ಹಳೆಯ ಚರಿತ್ರೆಯೇ ಇದೆ. ಎಗ್ಮೋರಿನ ಸರ್ಕಾರಿ ಮ್ಯೂಸಿಯಮ್ಮಿಗೆ 1885ರಿಂದ 1908ರವರೆಗೆ ಎಡ್ಗರ್ ಥರ್ಸ್ಟನ್ ಎಂಬ ಸಾಹೇಬರು ಮೇಲ್ವಿಚಾರಕರಾಗಿದ್ದರು. ದಕ್ಷಿಣ ಭಾರತದ ಜಾತಿಗಳು ಮತ್ತು ಬುಡಕಟ್ಟುಗಳ ಬಗ್ಗೆ ಕೆ. ರಂಗಾಚಾರಿಯವರ ನೆರವಿನಿಂದ ಅವರು ಬರೆದ ಏಳು ಸಂಪುಟಗಳು 1909ರಲ್ಲಿ ಅಚ್ಚಾದವು. ಇವತ್ತಿಗೂ ನಮ್ಮ ವಿದ್ವಾಂಸರು ಆ ಪುಸ್ತಕ ತೆಗೆಯದೆ ಮುಂದೆ ಹೋಗುವುದಿಲ್ಲ. ಸಾಹೇಬರು ಅಳತೆಯ ಸಲಕರಣೆಗಳನ್ನು ಕಟ್ಟಿಕೊಂಡು ಬೆಟ್ಟಗುಡ್ಡ ಅಲೆದು ಜನರ ತಲೆ ಅಳೆದರು, ಮೂಗು ಅಳೆದರು. ವೈನಾಡಿನ ಪಣಿಯ ಹೆಂಗಸರು ಅವರನ್ನು ಕಂಡು ಓಡಿಹೋದರಂತೆ. ತಮ್ಮಲ್ಲಿ ಚೆನ್ನಾಗಿರುವವರನ್ನು ಹಿಡಿದು, ಒಳಗೆ ಹುಲ್ಲು ತುಂಬಿ, ಮದರಾಸಿನ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾರೆ ಅನ್ನೋ ಭಯ ಅವರಿಗೆ. ಸಾಹೇಬರು ಇದನ್ನು ತಮಾಷೆಯ ಪ್ರಸಂಗವಾಗಿ ಬರೆದುಕೊಂಡಿದ್ದಾರೆ. ನನಗೇನೋ ಆ ಹೆಂಗಸರು ಮದರಾಸನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು ಅನ್ನಿಸುತ್ತದೆ. ಬಾಡಿಗೆ ಸೊಪ್ಪಿನ ಉಡುಗೆಯೂ ಆ ಹುಲ್ಲು ತುಂಬುವ ಕೆಲಸದ ತಮ್ಮನೇ ಅಲ್ಲವೆ?

ಇದರಲ್ಲಿ ಕರ್ನಾಟಕದವರು ನಗುವಂಥದ್ದೇನೂ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜಾನಪದ ವಸ್ತುಗಳಿಗೆ ಜಯಲಕ್ಷ್ಮೀವಿಲಾಸದಂಥ ಅರಮನೆಯೇ ಸಿಕ್ಕಿದೆ. ಸಿಗಬೇಕಾದದ್ದೇ, ಸಂತೋಷ. ಆದರೆ ಬುಟ್ಟಿಗೆ, ಮೊರಕ್ಕೆ, ಬಿಲ್ಲಿಗೆ ಅರಮನೆ ಕೊಟ್ಟ ನಾವು, ಆ ಬುಟ್ಟಿ ಹೆಣೆದವಳ ಮೊಮ್ಮಗಳು ಎಂ.ಎ. ಓದಲು ಬಂದರೆ ಮಧ್ಯಾಹ್ನದ ಬುತ್ತಿ ಬಿಚ್ಚಿಕೊಂಡು ಕೂರುವುದಕ್ಕೆ ಎಲ್ಲಿ ಜಾಗ ತೋರಿಸುತ್ತೇವೆ?

ತಮಿಳಿನಲ್ಲಿ ಬುಡಕಟ್ಟಿನವರಿಗೆ ‘ಪಳಂಗುಡಿ’ ಅನ್ನುತ್ತಾರೆ. ಹಳಬರು, ಮೊದಲಿನಿಂದ ಇದ್ದವರು ಅಂತ ಅರ್ಥ. ನಮ್ಮ ‘ಗಿರಿಜನ’ಕ್ಕಿಂತ ಇದು ಒಳ್ಳೆಯ ಮಾತು, ಬೆಟ್ಟದ ಮೇಲೆ ಇದ್ದರೆ ಮಾತ್ರ ಎಂಬ ಷರತ್ತು ಇದರಲ್ಲಿಲ್ಲ. ಚೆನ್ನೈ ಸುತ್ತಮುತ್ತಲ ಚೆಂಗಲ್ಪಟ್ಟು, ತಿರುವಳ್ಳೂರು ಜಿಲ್ಲೆಗಳ ಇರುಳರು ಬಯಲಿನವರೇ. ಹಾವು ಹಿಡಿಯುವ ಅವರ ಸಹಕಾರ ಸಂಘ 1978ರಿಂದ ಮಹಾಬಲಿಪುರದ ದಾರಿಯಲ್ಲಿದೆ. ದೇಶದಲ್ಲಿ ಹಾವು ಕಡಿತದ ಔಷಧಿಗೆ ಬೇಕಾದ ವಿಷವನ್ನು ಒದಗಿಸಿದ ಜನ. ಅವರಲ್ಲಿ ಇಬ್ಬರಿಗೆ, ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ, 2023ರಲ್ಲಿ ಪದ್ಮಶ್ರೀ ಬಂತು. ಅದಕ್ಕೆ ಮುಂಚೆ 2021ರಲ್ಲಿ ‘ಜೈ ಭೀಮ್’ ಚಿತ್ರ ಬಂದು ಇರುಳರ ಕಷ್ಟ ಏನೆಂದು ಊರಿಗೆಲ್ಲ ಗೊತ್ತಾಯಿತು. ನಮ್ಮ ಫ್ಲಾಟಿನವರೂ ನೋಡಿ ಕಣ್ಣೊರೆಸಿಕೊಂಡರು. ಆಮೇಲೆ ಯಾರ ಮನೆಯ ಮಾತಿನಲ್ಲೂ ಇರುಳರ ಮಕ್ಕಳು ಯಾವ ಕಾಲೇಜಿನಲ್ಲಿ ಓದುತ್ತಾರೆ ಅನ್ನೋದು ಬರಲಿಲ್ಲ.

ಲೆಕ್ಕ ಹೇಳುತ್ತೇನೆ, ಬ್ಯಾಂಕಿನಲ್ಲಿ ಇದ್ದವನಿಗೆ ಲೆಕ್ಕವಿಲ್ಲದೆ ಮಾತು ಮುಂದೆ ಹೋಗುವುದಿಲ್ಲ. 2011ರ ಜನಗಣತಿಯಲ್ಲಿ ತಮಿಳುನಾಡಿನ ಪರಿಶಿಷ್ಟ ಪಂಗಡದವರು 7.94 ಲಕ್ಷ, ಅಂದರೆ ನೂರಕ್ಕೆ ಒಬ್ಬರು. ಕರ್ನಾಟಕದಲ್ಲಿ 42 ಲಕ್ಷದ ಮೇಲೆ, ನೂರಕ್ಕೆ ಏಳು. ತಮಿಳುನಾಡಿನ 69 ಶೇಕಡ ಮೀಸಲಾತಿಯಲ್ಲಿ ಇವರ ಪಾಲು ಶೇ. 1. ಸಾವಿರ ಸೀಟಿನ ಕಾಲೇಜಿನಲ್ಲಿ ಹತ್ತು ಸೀಟು. ಹತ್ತೂ ತುಂಬಿದವು ಅನ್ನೋಣ. ಆ ಹತ್ತರಲ್ಲಿ ಒಬ್ಬ ಇರುಳ, ಇಬ್ಬರು ಸೇಲಂ ಕಡೆಯ ಮಲೆಯಾಳಿ ಬುಡಕಟ್ಟಿನವರು, ಒಬ್ಬಳು ನೀಲಗಿರಿಯ ಕೋತ, ಇನ್ನೊಬ್ಬ ಕಾಟ್ಟುನಾಯಕ. ಒಬ್ಬರ ಮನೆಮಾತು ಇನ್ನೊಬ್ಬರಿಗೆ ಬಾರದು. ಒಬ್ಬರ ದೇವರು ಇನ್ನೊಬ್ಬರಿಗೆ ಗೊತ್ತಿಲ್ಲ. “ಇಷ್ಟು ಕಮ್ಮಿ ಜನಕ್ಕೆ ಒಂದು ರೂಮಾ?” ಎಂದು ಪ್ರಿನ್ಸಿಪಾಲರು ಕೇಳುವುದು ಇಲ್ಲೇ. ನಾನು ಅದನ್ನು ತಿರುಗಿಸಿ ಕೇಳುತ್ತೇನೆ. ನೂರು ಜನ ಇದ್ದರೆ ಅವರು ಕ್ಯಾಂಟೀನಿನ ಒಂದು ಮೂಲೆಯನ್ನೋ ಬೇವಿನ ಮರದ ಕಟ್ಟೆಯನ್ನೋ ತಾವೇ ಹಿಡಿದುಕೊಳ್ಳುತ್ತಾರೆ. ಹತ್ತು ಜನಕ್ಕೆ ಆ ಬಲ ಇರುವುದಿಲ್ಲ. ಹತ್ತು ಜನ ಮೂರು ಷಿಫ್ಟಿನಲ್ಲಿ, ಆರು ವಿಭಾಗದಲ್ಲಿ ಚದುರಿಹೋದರೆ ಒಬ್ಬರಿಗೊಬ್ಬರು ಇದ್ದಾರೆ ಅನ್ನೋದೇ ತಿಳಿಯುವುದಿಲ್ಲ.

ಹಾಸ್ಟೆಲುಗಳಿವೆಯಲ್ಲ ಎಂಬ ಉತ್ತರ ಬರುತ್ತದೆ. ಇವೆ, ಮತ್ತು ಅವನ್ನು ಹಗುರವಾಗಿ ಮಾತಾಡುವವನು ನಾನಲ್ಲ. ಸೈದಾಪೇಟೆಯಲ್ಲಿ ಎಂ.ಸಿ. ರಾಜಾ ಅವರ ಹೆಸರಿನ ವಿದ್ಯಾರ್ಥಿನಿಲಯವಿದೆ. ರಾಜಾ ಶಾಲಾ ಮೇಷ್ಟರಾಗಿದ್ದು ಮದರಾಸು ಶಾಸನಸಭೆಗೆ ಹೋದ ದಲಿತ ಮುಖಂಡರು. ಆ ಹಳೆಯ ಹಾಸ್ಟೆಲಿನ ಜಾಗದಲ್ಲಿ 40 ಕೋಟಿ ರೂಪಾಯಿಗೂ ಮೀರಿದ ಖರ್ಚಿನಲ್ಲಿ ಕಟ್ಟಿದ ಹತ್ತು ಅಂತಸ್ತಿನ ಹೊಸ ಕಟ್ಟಡ 2025ರ ಏಪ್ರಿಲ್ 14ರಂದು ಉದ್ಘಾಟನೆಯಾಯಿತು. ಅದೇ ಜುಲೈನಲ್ಲಿ ಸರ್ಕಾರ ಇಂಥ ಹಾಸ್ಟೆಲುಗಳಿಗೆಲ್ಲ ‘ಸಾಮಾಜಿಕ ನ್ಯಾಯ ವಿದ್ಯಾರ್ಥಿನಿಲಯ’ ಎಂಬರ್ಥದ ಹೆಸರಿಡುವುದಾಗಿ ಹೇಳಿತು. ಜಾತಿಯ ಹೆಸರು ಬೋರ್ಡಿನಿಂದ ಹೋದದ್ದು ಒಳ್ಳೆಯದೇ. ಆ ಬೋರ್ಡಿನ ಕೆಳಗೆ ನಡೆದು ಒಳಗೆ ಹೋಗುವ ಹುಡುಗನ ಸಂಕಟ ಹೊರಗಿನವರಿಗೆ ತಿಳಿಯುವಂಥದ್ದಲ್ಲ.

ಆದರೆ ಹಾಸ್ಟೆಲು ಮಲಗುವ ಜಾಗ. ಅಲ್ಲಿ ವಾರ್ಡನ್ನರಿದ್ದಾರೆ, ಗೇಟಿದೆ, ಹೊತ್ತಿದೆ. ಹುಡುಗರ ಹಾಸ್ಟೆಲಿಗೆ ಹುಡುಗಿಯರು ಬರುವಂತಿಲ್ಲ, ಪೊನ್ನೇರಿಯಿಂದ ಲೋಕಲ್ ರೈಲಿನಲ್ಲಿ ಬಂದುಹೋಗುವ ಇರುಳರ ಹುಡುಗನಿಗೆ ಅಲ್ಲೇನು ಕೆಲಸ? ಇನ್ನೊಂದು ಸೂಕ್ಷ್ಮ ಇದೆ. ಸರ್ಕಾರಿ ಕಾಗದದಲ್ಲಿ ‘ಎಸ್ಸಿ/ಎಸ್ಟಿ’ ಅಂತ ಒಂದೇ ಉಸಿರಿನಲ್ಲಿ ಬರೆಯುತ್ತೇವೆ. ಆ ಓರೆಗೆರೆಯ ಬಲಗಡೆಯವರು ಎಡಗಡೆಯವರ ಸಂಖ್ಯೆಯೊಳಗೆ ಮುಳುಗಿಹೋಗುತ್ತಾರೆ. ಎಸ್ಸಿ ಹುಡುಗರಿಗೆ ಈ ಊರಿನಲ್ಲಿ ಒಂದು ಶತಮಾನದ ಚಳವಳಿಯ ಬೆಂಬಲವಿದೆ, ನಾಯಕರ ಹೆಸರಿದೆ, ಹಾಡಿದೆ, ಗೋಡೆಯ ಮೇಲೆ ಚಿತ್ರವಿದೆ. ಬೆಟ್ಟದಿಂದ ಬಂದ ಹುಡುಗ ಆ ಗೋಡೆಯನ್ನು ಗೌರವದಿಂದಲೇ ನೋಡುತ್ತಾನೆ. ಅದರಲ್ಲಿ ತನ್ನ ಅಜ್ಜನ ಮುಖ ಇಲ್ಲ ಅನ್ನೋದನ್ನು ಯಾರಿಗೂ ಹೇಳುವುದಿಲ್ಲ.

ಈ ಊರಿನ ಕ್ಯಾಂಪಸ್ಸುಗಳಲ್ಲಿ ವಿದ್ಯಾರ್ಥಿಗಳು ತಾವೇ ಒಂದು ಜಾಗ ಮಾಡಿಕೊಳ್ಳಲು ಹೊರಟದ್ದರ ಹತ್ತಿರದ ಉದಾಹರಣೆ ಎಂದರೆ ಐ.ಐ.ಟಿ. ಮದ್ರಾಸಿನ ಅಂಬೇಡ್ಕರ್ ಪೆರಿಯಾರ್ ಸ್ಟಡಿ ಸರ್ಕಲ್. 2014ರ ಅಂಬೇಡ್ಕರ್ ಜಯಂತಿಯ ದಿನ ಶುರುವಾಯಿತು. ಅದು ಬುಡಕಟ್ಟಿನವರ ಸಂಘ ಅಲ್ಲ, ಜಾತಿಯ ಪ್ರಶ್ನೆಗಳನ್ನು ಓದಿ ಚರ್ಚಿಸುವ ಕೂಟ. ಶುರುವಿನಲ್ಲೇ ಹೆಸರು ಬದಲಾಯಿಸಿ ಎಂಬ ಸೂಚನೆ ಬಂತು. 2015ರಲ್ಲಿ ಯಾರೋ ಹೆಸರಿಲ್ಲದ ಪತ್ರವೊಂದನ್ನು ದೆಹಲಿಯ ಮಂತ್ರಾಲಯಕ್ಕೆ ಬರೆದರು, ಅಲ್ಲಿಂದ ಅದು ಚೆನ್ನೈಗೆ ಬಂತು, ಮೇ 22ರಂದು ಕೂಟದ ಮಾನ್ಯತೆ ರದ್ದಾಯಿತು. ದೇಶದ ತುಂಬ ಗದ್ದಲವಾಗಿ ಜೂನ್ 7ರಂದು ಮಾನ್ಯತೆ ಮರಳಿ ಬಂತು. ಆ ಹುಡುಗರು ಬರೆದದ್ದು, ಆಡಿದ್ದು ಎಲ್ಲ ನನಗೆ ಒಪ್ಪಿಗೆ ಅಂತ ಹೇಳಲಾರೆ. ಆದರೆ ಒಂದು ಪಾಠ ಸ್ಪಷ್ಟವಿದೆ. ಅವರ ಕೈಲಿದ್ದದ್ದು ಮಾನ್ಯತೆ ಎಂಬ ಪತ್ರ. ಸಂಸ್ಥೆಯ ಹೆಸರು ಹೇಳಿಕೊಳ್ಳಬಹುದು, ಕೇಳಿದರೆ ಸಭೆಗೆ ಹಾಲ್ ಸಿಗಬಹುದು, ಇಷ್ಟೇ. ಪತ್ರದಿಂದ ಬಂದದ್ದು ಇನ್ನೊಂದು ಪತ್ರದಿಂದ ಹೋಯಿತು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಅದು ಓವರ್‌ಡ್ರಾಫ್ಟು, ಕೇಳಿದಾಗ ತಿರುಗಿ ಕೊಡಬೇಕಾದ ಹಣ. ಸ್ವಂತ ಖಾತೆಯ ಠೇವಣಿ ಅಲ್ಲ.

ಒಂದು ವಿಷಯ ನೆನೆದರೆ ನಗುವೂ ಬರುತ್ತದೆ. ಆ ಸಂಸ್ಥೆ ಇರುವುದು ಗಿಂಡಿಯ ಕಾಡಿನಿಂದ ಬಿಡಿಸಿಕೊಟ್ಟ ನೆಲದಲ್ಲಿ. 1959ರಲ್ಲಿ ಶುರುವಾದಂದಿನಿಂದ ಜಿಂಕೆಗಳು, ಕೃಷ್ಣಮೃಗಗಳು ಅಲ್ಲಿ ಓಡಾಡಿಕೊಂಡಿವೆ. ಅವಕ್ಕೆ ತೊಂದರೆ ಆಗಬಾರದು ಅಂತ ವಾಹನಗಳಿಗೆ ಕಟ್ಟುನಿಟ್ಟು. ಕಾಡಿನ ಪ್ರಾಣಿಗೆ ಕ್ಯಾಂಪಸ್ಸಿನಲ್ಲಿ ಜಾಗ ಮಾಡುವ ಕಲೆ ನಮಗೆ ಗೊತ್ತೇ ಇದೆ.

ಹೊರದೇಶಗಳಲ್ಲಿ ಈ ಪ್ರಶ್ನೆಯನ್ನು ಹೇಗೆ ಬಿಡಿಸಿದರು ಅನ್ನೋದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನ್ಯೂಜಿಲೆಂಡಿನ ಮಾವೊರಿ ಜನರಿಗೆ ಊರಿನ ಕೂಟದ ಜಾಗಕ್ಕೆ ‘ಮರಾಯ್’ ಎಂಬ ಹೆಸರು. (ನಮ್ಮ ಮಂಗಳೂರಿನವರ ‘ಮಾರಾಯ್ರೆ’ ನೆನಪಾದರೆ ತಪ್ಪಿಲ್ಲ.) ಅಂಗಳ, ಕೆತ್ತನೆಯ ಕಂಬಗಳ ಸಭಾಮನೆ, ಪಕ್ಕದಲ್ಲಿ ಊಟದ ಮನೆ. ಆಕ್ಲೆಂಡ್ ವಿಶ್ವವಿದ್ಯಾಲಯ ತನ್ನ ಕ್ಯಾಂಪಸ್ಸಿನೊಳಗೇ ವೈಪಾಪ ಎಂಬ ಮರಾಯ್ ಕಟ್ಟಿ 1988ರಲ್ಲಿ ತೆರೆಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ, ಅಮೆರಿಕದ ಎವರ್‌ಗ್ರೀನ್ ಸ್ಟೇಟ್ ಕಾಲೇಜಿನಲ್ಲಿ 1995ರಲ್ಲಿ ಅಲ್ಲಿನ ಮೂಲನಿವಾಸಿಗಳ ‘ಉದ್ದಮನೆ’ಗಳು ಎದ್ದವು. ಸಿಯಾಟಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇಂಥದ್ದು ಬರಲು 2015 ಆಯಿತು.

ಇವುಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮರದ ಕೆತ್ತನೆಯಲ್ಲ. ಮರಾಯ್‌ಗೆ ಹೋದವರು, ಅವರು ಎಷ್ಟೇ ದೊಡ್ಡವರಿರಲಿ, ಹೊರಗೆ ನಿಲ್ಲಬೇಕು. ಒಳಗಿನಿಂದ ಹೆಂಗಸೊಬ್ಬಳು ಕೂಗಿ ಕರೆದ ಮೇಲೇ ಹೆಜ್ಜೆ ಇಡಬೇಕು. ಸಭಾಮನೆಯೊಳಗೆ ಹೋಗುವಾಗ ಪಾದರಕ್ಷೆ ಹೊರಗೆ. ಮಾತು ಅವರ ಭಾಷೆಯಲ್ಲಿ ಶುರುವಾಗುತ್ತದೆ. ಕೊನೆಗೆ ಮೂಗಿಗೆ ಮೂಗು ತಾಗಿಸಿ ಉಸಿರು ಹಂಚಿಕೊಳ್ಳುತ್ತಾರೆ. ಥರ್ಸ್ಟನ್ ಸಾಹೇಬರು ಅಳೆದದ್ದೂ ಮೂಗನ್ನೇ. ಅಲ್ಲಿ ಮಾವೊರಿ ಹುಡುಗ ಮನೆಯವನು, ವಿಶ್ವವಿದ್ಯಾಲಯ ನೆಂಟ. ನಮ್ಮಲ್ಲಿ ಟ್ರೈಬಲ್ ಡ್ಯಾನ್ಸ್ ನಡೆಯುವಾಗ ನೆಂಟ ಯಾರು, ಮನೆಯವರು ಯಾರು ಅಂತ ಒಂದು ಕ್ಷಣ ಯೋಚಿಸಿ.

ಹಾಗಂತ ಅದನ್ನು ತಂದು ಮರೀನಾದಲ್ಲಿ ನಿಲ್ಲಿಸಿ ಅನ್ನುವಷ್ಟು ಭೋಳೆ ನಾನಲ್ಲ. ಅಲ್ಲಿ ಆರು ಜನರಲ್ಲಿ ಒಬ್ಬರು ಮಾವೊರಿ, ಮಾತು ಒಂದೇ. ಇಲ್ಲಿ ನೂರರಲ್ಲಿ ಒಬ್ಬರು, ಮಾತು ಹತ್ತು. ನಮ್ಮ ಪಿ.ಡಬ್ಲ್ಯು.ಡಿ.ಯವರಿಗೆ ಹೇಳಿದರೆ ಸಿಮೆಂಟಿನಲ್ಲಿ ಗುಡಿಸಲು ಕಟ್ಟಿ, ಸಿಮೆಂಟಿನಲ್ಲೇ ಹುಲ್ಲಿನ ಹೊದಿಕೆ ಮಾಡಿ, ಮುಂದೆ ಬಿಲ್ಲುಬಾಣದ ಗೊಂಬೆ ನಿಲ್ಲಿಸಿ, ಉದ್ಘಾಟನೆಯ ಮಾರನೆಯ ದಿನ ಬೀಗ ಹಾಕುತ್ತಾರೆ. ಆ ಬೀಗದ ಕೈ ಎಸ್ಟೇಟ್ ಆಫೀಸಿನ ಡ್ರಾಯರಿಗೆ ಹೋಗುತ್ತದೆ. ಆಮೇಲೆ ಉಪಯೋಗ ಪ್ರಮಾಣಪತ್ರ ಬರೆದು ಕಳಿಸಿದರೆ ಆ ಬಾಬ್ತು ಮುಗಿಯಿತು.

ಇನ್ನೊಂದು ಆಕ್ಷೇಪಣೆ ಗಂಭೀರವಾದದ್ದು. “ಬೇರೆ ರೂಮು ಕೊಟ್ಟರೆ ಬೇರೆ ಕೇರಿ ಮಾಡಿದ ಹಾಗಲ್ಲವೆ?” ದೆಹಲಿಯ ಏಮ್ಸ್‌ನಲ್ಲಿ ಏನಾಯಿತು ನೋಡಿ ಅನ್ನುತ್ತಾರೆ. ಸುಖದೇವ್ ಥೋರಟ್ ಸಮಿತಿಯ 2007ರ ವರದಿಯಲ್ಲಿ ಅದೆಲ್ಲ ದಾಖಲಾಗಿದೆ. ಅಲ್ಲಿನ ಪರಿಶಿಷ್ಟ ಹುಡುಗರು ಜೊತೆಯವರ ಕಿರುಕುಳ ತಾಳಲಾರದೆ ತಮ್ಮ ಕೋಣೆಗಳನ್ನು ಬಿಟ್ಟು ಕೆಲವೇ ಹಾಸ್ಟೆಲುಗಳ ಮೇಲ್ಮಹಡಿಗಳಲ್ಲಿ ಒಟ್ಟು ಸೇರಿಕೊಂಡಿದ್ದರು. ನಿಜ. ಆದರೆ ಅದು ಓಡಿಹೋಗಿ ಸೇರಿಕೊಂಡ ಜಾಗ. ಕೆಳಗಿನ ಮಹಡಿಗೆ ತಿರುಗಿ ಇಳಿಯಲು ಹೆದರಿಕೆ ಇತ್ತು. ನಾನು ಹೇಳುವ ಕೋಣೆಯಲ್ಲಿ ಯಾರೂ ಮಲಗಬೇಕಿಲ್ಲ, ವಾರಕ್ಕೆ ನಾಲ್ಕು ಗಂಟೆ ಕೂತು ಎದ್ದು ಬರುತ್ತಾರೆ. ಎದ್ದು ಬಂದವನು ಉಳಿದ ನೂರು ಗಂಟೆ ಎಲ್ಲರ ಜೊತೆ ಇರಲು ತುಸು ಗಟ್ಟಿಯಾಗಿರುತ್ತಾನೆ. ಪರದೇಶದಲ್ಲಿರುವ ನಮ್ಮವರು ಯುಗಾದಿಗೆ ಸೇರಿ ಒಬ್ಬಟ್ಟು ತಿಂದು ಸೋಮವಾರ ಆಫೀಸಿಗೆ ಹೋಗುವುದಿಲ್ಲವೆ? ಅದನ್ನು ಯಾರೂ ಕೇರಿ ಅನ್ನುವುದಿಲ್ಲ, ಕನ್ನಡ ಕೂಟ ಅನ್ನುತ್ತಾರೆ.

ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳನ್ನು ನೋಡಿ. ಚೆನ್ನೈನ ಕಾಲೇಜುಗಳಲ್ಲಿ ನಾಗಾ, ಮಿಜೋ ಹುಡುಗ ಹುಡುಗಿಯರು ಬಹಳ ಕಾಲದಿಂದ ಓದುತ್ತಿದ್ದಾರೆ. ಕಾಲೇಜು ಕೊಡದೆ ಇದ್ದದ್ದನ್ನು ಅವರಿಗೆ ಭಾನುವಾರದ ಚರ್ಚು ಕೊಟ್ಟಿತು. 2012ರ ಆಗಸ್ಟಿನಲ್ಲಿ ಮೊಬೈಲಿನಲ್ಲಿ ಹಬ್ಬಿದ ಗಾಳಿಸುದ್ದಿಗೆ ಹೆದರಿ ಬೆಂಗಳೂರಿನಿಂದ ಸಾವಿರಾರು ಜನ, ಚೆನ್ನೈನಿಂದಲೂ ಎಷ್ಟೋ ಜನ, ಗುವಾಹಟಿಯ ರೈಲು ಹತ್ತಿದರಲ್ಲ, ಆಗ ನಿಜಸುದ್ದಿ ಯಾವುದು ಸುಳ್ಳು ಯಾವುದು ಅಂತ ಕೂತು ವಿಚಾರಿಸುವುದಕ್ಕೆ ತಮ್ಮವರು ಸೇರುವ ಒಂದು ಜಾಗ ಇದ್ದವರಿಗೂ ಇಲ್ಲದವರಿಗೂ ಎಷ್ಟು ವ್ಯತ್ಯಾಸ ಆಗಿರಬೇಕು ಅನ್ನೋದನ್ನು ಊಹಿಸಬಹುದು. ಬೆಟ್ಟದ ಸೋಲಿಗರಿಗೆ, ಬಯಲಿನ ಇರುಳರಿಗೆ ಅಂಥ ಭಾನುವಾರವೂ ಇಲ್ಲ.

ಸೋಲಿಗರ ಮಾತು ಬಂತಲ್ಲ, ಇದು ಕರ್ನಾಟಕದಲ್ಲಿ ಕೂತು ಓದುವ ನಿಮಗೆ ಸ್ವಲ್ಪ ಹತ್ತಿರದ ವಿಷಯ. ಸೋಲಿಗರು ಅಂದರೆ ನಮಗೆ ಬಿಳಿಗಿರಿರಂಗನ ಬೆಟ್ಟ, ಮಾದೇಶ್ವರನ ಬೆಟ್ಟ. ತಮಿಳುನಾಡಿನ ಪಟ್ಟಿಯಲ್ಲೂ ‘ಷೋಲಗ’ ಎಂದು ಅವರ ಹೆಸರಿದೆ. ಈರೋಡು ಜಿಲ್ಲೆಯ ತಾಳವಾಡಿ, ಅದೇ 2000ನೇ ಇಸವಿಯ ಜುಲೈ 30ರ ರಾತ್ರಿ ರಾಜಕುಮಾರರನ್ನು ವೀರಪ್ಪನ್ ಹೊತ್ತುಕೊಂಡು ಹೋದ ಗಾಜನೂರಿನ ಸೀಮೆ, ಗಡಿಯ ಆಚೆ ಉಳಿದ ಕನ್ನಡದ ನೆಲ. ಅಲ್ಲಿಂದ ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ, ಈರೋಡಿನಲ್ಲಿ ರೈಲು ಹಿಡಿದರೆ ಬೆಳಗಾಗುವಾಗ ಚೆನ್ನೈ. ಹೀಗೆ ಬಂದ ಒಬ್ಬ ಸೋಲಿಗರ ಹುಡುಗ ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬಂದಿದ್ದ. ಬಿ.ಎ. ಓದುತ್ತಿದ್ದ. ಕಾಲೇಜಿನಲ್ಲಿ ಅವನನ್ನು ‘ಕನ್ನಡಕ್ಕಾರನ್’ ಅನ್ನುತ್ತಿದ್ದರಂತೆ. ನಮ್ಮಲ್ಲಿಗೆ ಬಂದು ಬಾಯಿ ಬಿಟ್ಟಾಗ ಪಂಕ್ತಿಯಲ್ಲಿದ್ದ ಒಬ್ಬರು, “ಇದ್ಯಾವ ಸೀಮೆ ಕನ್ನಡಾನಪ್ಪಾ” ಅಂತ ನಕ್ಕರು. ಅವರು ಕೆಟ್ಟವರಲ್ಲ, ಮೈಸೂರು ಕನ್ನಡವೊಂದೇ ಕಿವಿಗೆ ಬಿದ್ದವರು.

ಊಟ ಆದ ಮೇಲೆ ಹುಡುಗ ಕಾರ್ಯದರ್ಶಿಗಳ ಹತ್ತಿರ ಬಂದು ನಿಂತ. “ಸಾರ್, ಭಾನುವಾರ ಸುಮ್ನೆ ಬಂದು ಕೂತ್ಕಬೋದಾ? ನಮ್ಮೋರು ಇನ್ನೂ ನಾಲ್ಕು ಜನ ಅವ್ರೆ.”

ಕಾರ್ಯದರ್ಶಿಗಳು ಒಳ್ಳೆಯ ಮಾತಿನಲ್ಲೇ ಹೇಳಿದರು. “ಭಾನುವಾರ ಎಲ್ಲ ಮುಹೂರ್ತ ಬುಕ್ ಆಗಿರುತ್ತಪ್ಪಾ. ಮುಂದಿನ ರಾಜ್ಯೋತ್ಸವಕ್ಕೆ ಬನ್ನಿ ಎಲ್ರೂ. ನಿಮ್ಮ ಕುಣಿತಾನೇ ಒಂದು ಐಟಂ ಇಟ್ಕೊಳ್ಳೋಣ.”

ಹುಡುಗ “ಆಯ್ತು ಸಾರ್” ಅಂದ. ಮತ್ತೆ ಬರಲಿಲ್ಲ.

ಕೂರಲು ಜಾಗ ಕೇಳಿದವನಿಗೆ ವೇದಿಕೆ ಕೊಡುವ ಕೆಲಸದಲ್ಲಿ ಕಾಲೇಜಿನವರಿಗೂ ನಮಗೂ ಏನು ವ್ಯತ್ಯಾಸ? ತನ್ನ ದೇವರು ಬಿಳಿಗಿರಿರಂಗನನ್ನು ಭಾವ ಎಂದು ಕರೆಯುವ ಜನ ಅವರು. ರಂಗಪ್ಪ ತಮ್ಮ ಹುಡುಗಿ ಕುಸುಮಾಲೆಯನ್ನು ಮದುವೆಯಾದ, ಆದ್ದರಿಂದ ನೆಂಟ. ದೇವರನ್ನೇ ನೆಂಟನನ್ನಾಗಿ ಮಾಡಿಕೊಂಡವರನ್ನು ನಾವು ಐಟಂ ಮಾಡಿಕೊಳ್ಳಲು ಹೊರಟೆವು.

ಬೇರೆಯವರಿಗಿಂತ ಕನ್ನಡಿಗರಿಗೆ ಈ ವಿಷಯ ಬೇಗ ತಿಳಿಯಬೇಕಿತ್ತು ಅನ್ನೋದಕ್ಕೆ ಕಾರಣವಿದೆ. ನೂರು ವರ್ಷದ ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಇಂಗ್ಲಿಷು, ಚರ್ಚೆ ಇಂಗ್ಲಿಷು, ಜೋಕೂ ಇಂಗ್ಲಿಷು. ತನ್ನ ನೆಲದ ಕಾಲೇಜಿನಲ್ಲೇ ಕನ್ನಡ ಪರದೇಶಿ. ಆಗ ಎ.ಆರ್. ಕೃಷ್ಣಶಾಸ್ತ್ರಿಗಳು ಮುಂದೆ ನಿಂತು ಆ ಕಾಲೇಜಿನೊಳಗೆ ಒಂದು ಕರ್ನಾಟಕ ಸಂಘ ಕಟ್ಟಿದರು. 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಹೊರಬಂದದ್ದು ಅಲ್ಲಿಂದ. ಮನೆಯ ಮಾತನ್ನು ನಾಚಿಕೆಯಿಲ್ಲದೆ ಆಡುವುದಕ್ಕೆ ಕಾಲೇಜಿನ ಗೋಡೆಯೊಳಗೆ ಒಂದು ಮೂಲೆ ಸಿಕ್ಕಿತು, ಅಲ್ಲಿಂದ ಏನೆಲ್ಲ ಬೆಳೆಯಿತು ಅನ್ನೋದು ಎಲ್ಲರಿಗೂ ಗೊತ್ತಿದೆ. ಆಗಿನ ಕನ್ನಡದ ಹುಡುಗರನ್ನು ಯಾರಾದರೂ ವರ್ಷಕ್ಕೊಮ್ಮೆ ಕಚ್ಚೆ ಪೇಟ ಉಟ್ಟುಕೊಂಡು ಬಂದು ಹತ್ತು ನಿಮಿಷ ಕೋಲಾಟ ಆಡಿ ಹೋಗಿ ಅಂದಿದ್ದರೆ?

ಹಾಗಾದರೆ ಏನು ಮಾಡಬೇಕು? ಎಲ್ಲ ಕಾಲೇಜಿನಲ್ಲೂ ಒಂದೊಂದು ಕೋಣೆ ಆಗದ ಮಾತು. ಚೆಪಾಕಿನ ಮದ್ರಾಸು ವಿಶ್ವವಿದ್ಯಾಲಯ, ಪ್ರೆಸಿಡೆನ್ಸಿ ಕಾಲೇಜು, ಕ್ವೀನ್ ಮೇರೀಸ್ ಮೂರೂ ಮರೀನಾದ ಒಂದೇ ರಸ್ತೆಯಲ್ಲಿವೆ. ಮೂರಕ್ಕೂ ಸೇರಿ ಒಂದು ಕೋಣೆ ಇಡಬಹುದು. ಬೇರೆ ಕಾಲೇಜಿನವರೂ ಬರಬಹುದು. ಗುಡಿಸಲಿನ ಆಕಾರ ಬೇಡ, ನಾಲ್ಕು ಗೋಡೆ ಸಾಕು. ಒಲೆ ಬೇಕೇ ಬೇಕು. ಹಾಸ್ಟೆಲುಗಳಲ್ಲಿ ಮೊದಲು ನಿಷೇಧಿಸುವುದು ಒಲೆಯನ್ನು, ಮನೆ ನೆನಪಾಗುವುದು ಮೂಗಿನಿಂದ. ರಾಗಿಮುದ್ದೆ ತೊಳೆಸುವ ವಾಸನೆ, ಸುಟ್ಟ ಗೆಣಸು, ಒಣಮೀನು, ಇವಕ್ಕೆ ಅನುಮತಿಪತ್ರ ಕೇಳಬಾರದು. ಇರುಳನಿಗೆ ಕೋತ ಭಾಷೆ ಬಾರದಿದ್ದರೂ ಒಂದು ಒಲೆಯ ಸುತ್ತ ಕೂತರೆ ಮಾತು ಹುಟ್ಟುತ್ತದೆ. ಅವರ ಹಿರಿಯರು ಊರಿನಿಂದ ಬಂದಾಗ ಗೇಟಿನ ಬಳಿ ಕಾಯದೆ ನೇರವಾಗಿ ಬಂದು ಕೂರುವಂತಿರಬೇಕು. ಫೀಸು ಕಟ್ಟಲು, ಜಾತಿ ಪ್ರಮಾಣಪತ್ರದ ತಕರಾರು ಬಿಡಿಸಲು ಬರುವ ಅಪ್ಪಂದಿರು ಕ್ಯಾಂಪಸ್ಸಿನ ಕಲ್ಲುಬೆಂಚಿನ ತುದಿಯಲ್ಲಿ ಕೂರುವ ರೀತಿಯನ್ನು ಒಂದು ಸಲ ನೋಡಿದವರು ಮರೆಯಲಾರರು.

ಬೀಗದ ವಿಷಯ ಬ್ಯಾಂಕಿನವನಾಗಿ ಹೇಳುತ್ತೇನೆ. ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಒಬ್ಬರೇ ತೆಗೆಯಲಾಗದು. ಇಲ್ಲಿ ಸ್ವಲ್ಪ ಬದಲಾವಣೆ. ವಿದ್ಯಾರ್ಥಿಗಳ ಕೀಲಿ ಒಂದಿದ್ದರೆ ಬಾಗಿಲು ತೆರೆಯಬೇಕು, ಆಫೀಸಿನ ಕೀಲಿ ಒಂದರಿಂದಲೇ ತೆರೆಯಬಾರದು. ಪಾಳಿಯ ಪ್ರಕಾರ ಒಂದೊಂದು ಬುಡಕಟ್ಟಿನ ವಿದ್ಯಾರ್ಥಿಯ ಕೈಗೆ ಮೂರು ಮೂರು ತಿಂಗಳು ಕೀಲಿ. ಹಾಜರಿ ಪುಸ್ತಕ ಬೇಡ. “ಎಷ್ಟು ಜನ ಬಂದರು, ಏನು ಸಾಧಿಸಿದಿರಿ” ಅಂತ ವರ್ಷದ ಕೊನೆಗೆ ವರದಿ ಕೇಳಬಾರದು. 2012ರ ಯುಜಿಸಿ ನಿಯಮಾವಳಿಯ ಪ್ರಕಾರ ಕಾಲೇಜುಗಳಲ್ಲಿ ಸಮಾನ ಅವಕಾಶ ಕೋಶ ಎಂಬುದು ಇರಬೇಕು. ಅದು ದೂರು ಬರೆದುಕೊಳ್ಳುವ ಕಿಟಕಿ, ಅದರ ಕೆಲಸ ಅದು ಮಾಡಲಿ. ಈ ಕೋಣೆಯನ್ನು ಅದರ ಕೆಳಗೆ ಹಾಕಿದರೆ ಕೋಣೆಗೂ ಫೈಲಿನ ವಾಸನೆ ಬರುತ್ತದೆ.

ಸರ್ಕಾರ, ವಿಶ್ವವಿದ್ಯಾಲಯ ಮಾಡುವತನಕ ಚೆನ್ನೈ ಕನ್ನಡಿಗರು ಕೈಕಟ್ಟಿ ಕೂರಬೇಕಾಗಿಲ್ಲ. ಮೇಲೆ ಹೇಳಿದ ಸಂಘದ ಮಹಡಿಯ ಮೇಲೆ ಮುರಿದ ಕುರ್ಚಿ, ಹಳೆಯ ಷಾಮಿಯಾನ, ಯಾವುದೋ ಕಾಲದ ನಾಟಕದ ಪರದೆ ತುಂಬಿರುವ ಒಂದು ಕೋಣೆಯಿದೆ. ಮೆಟ್ಟಿಲು ಹೊರಗಿನಿಂದಲೇ ಇರುವುದರಿಂದ ಕೆಳಗೆ ಮುಹೂರ್ತ ನಡೆದರೂ ಅಡ್ಡಿಯಿಲ್ಲ. ಕಳೆದ ವರ್ಷ ಕಾರ್ಯಕಾರಿ ಸಮಿತಿಗೆ ಒಂದು ಅಂದಾಜು ಬರೆದುಕೊಟ್ಟೆ. ಸುಣ್ಣಬಣ್ಣ, ಎರಡು ಫ್ಯಾನು, ಚಾಪೆಗಳು, ಗ್ಯಾಸ್ ಒಲೆ, ನಾಲ್ಕು ಪಾತ್ರೆ ಎಲ್ಲ ಸೇರಿ ಸುಮಾರು 60 ಸಾವಿರ. ಆಮೇಲೆ ಕರೆಂಟು, ಗ್ಯಾಸು, ಗುಡಿಸುವವರ ಕೂಲಿ ತಿಂಗಳಿಗೆ 4 ಸಾವಿರ. ಆರಂಭದ ಖರ್ಚು ಒಂದು ಮುಹೂರ್ತದ ಬಾಡಿಗೆಗಿಂತ ಕಮ್ಮಿ.

ಚರ್ಚೆ ಆಯಿತು. ಸೋಲಿಗರು ಸರಿ, ಇರುಳರು ಕನ್ನಡದವರಲ್ಲವಲ್ಲ ಎಂದು ಒಬ್ಬರು ಕೇಳಿದರು. ಒಣಮೀನಿನ ವಾಸನೆ ಕೆಳಗೆ ಮದುವೆ ಮನೆಗೆ ಬಂದರೆ ಏನು ಗತಿ ಎಂದು ಇನ್ನೊಬ್ಬರು. ಇದು ನ್ಯಾಯವಾದ ಪ್ರಶ್ನೆಯೇ; ಒಲೆಯನ್ನು ಹಿತ್ತಲ ಕಡೆಯ ಕಿಟಕಿಗೆ ಸರಿಸಿ, ಒಂದು ಎಕ್ಸಾಸ್ಟ್ ಫ್ಯಾನು ಸೇರಿಸಿ, ಅಂದಾಜನ್ನು 63 ಸಾವಿರಕ್ಕೆ ತಿದ್ದಿ ಮತ್ತೆ ಕೊಟ್ಟಿದ್ದೇನೆ. ಮುರಿದ ಕುರ್ಚಿಗಳನ್ನು ಮಾರುವುದಕ್ಕೆ ಒಪ್ಪಿಗೆ ಸಿಕ್ಕಿದೆ. ಕೀಲಿ ಯಾರ ಹತ್ತಿರ ಇರಬೇಕು ಅನ್ನೋದನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ.